ಒಂಬತ್ತನೆಯ ಪುಟ

ಕುಮಾಸಿ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಬಿರಾಗೊ,

ಹೇಗಿದ್ದೀಯ? ಟಕೊರಾಡಿಯ ಕಡಲಗಾಳಿ ನಿನ್ನ ಕೆಮ್ಮಿಗೆ ಒಗ್ಗಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದವಳು ಈಗ ಕೆಲಸ ಬಿದ್ದಾಗ ಬರೆಯುತ್ತಿದ್ದೇನೆ, ಬೈದುಕೋ. ಮುಂದಿನ ಶುಕ್ರವಾರ ಒಂದು ಪುಸ್ತಿಕೆ ಮುದ್ರಣಕ್ಕೆ ಹೋಗಬೇಕು. ಒಂಬತ್ತನೆಯ ಪುಟ ಇನ್ನೂ ಖಾಲಿ. ಅದಕ್ಕೆ ನೀನೇ ಬೇಕು. ಆ ಮಾತು ಕೊನೆಗೆ.

ನನ್ನ ಕಸುಬು ನಿನಗೆ ಗೊತ್ತಲ್ಲ. ಸತ್ತವರ ಫೋಟೊ, ಜೀವನಕಥೆ, ಹೆಂಡತಿ ಮಕ್ಕಳ ನುಡಿನಮನ ಸೇರಿಸಿ ಅಂತ್ಯಕ್ರಿಯೆಗೆ ಬಂದವರಿಗೆ ಹಂಚಲು ಪುಸ್ತಿಕೆ ಮಾಡಿಕೊಡುವುದು. ಹನ್ನೊಂದು ವರ್ಷ ಎಲ್ಲವನ್ನೂ ಒಬ್ಬಳೇ ಮಾಡಿದೆ. ಇನ್ನೊಬ್ಬರ ಕೈಗೆ ಕೊಟ್ಟರೆ ಕೆಡುತ್ತದೆಂಬ ಜಂಬ. ಕೆಡಿಸಿದ್ದು ನಾನೇ. ಹಳೆಯ ಪುಸ್ತಿಕೆಯ ಮೇಲೇ ಹೊಸ ಹೆಸರು ಕೂರಿಸುವ ಅಭ್ಯಾಸ ನನ್ನದು. ಒಮ್ಮೆ ಒಬ್ಬರ ಪುಸ್ತಿಕೆಯಲ್ಲಿ, ಅವರಿಗಿಂತ ಒಂದು ವಾರ ಮೊದಲು ತೀರಿಕೊಂಡಿದ್ದ ಬೇರೊಬ್ಬರ ಹೆಂಡತಿಯ ಹೆಸರು ಹಾಗೇ ಉಳಿದು ನಾನೂರು ಪ್ರತಿ ಹಂಚಿಹೋಯಿತು. ಕಪ್ಪು ಬಟ್ಟೆಯುಟ್ಟ ವಿಧವೆ ಎಲ್ಲರೆದುರು ನನ್ನನ್ನು ಕರೆದಳು.

"ಬಾರಮ್ಮ ದುಫಿಯೆ. ನಮ್ಮೆಜಮಾನ್ರು ಬದುಕಿದ್ದಾಗ 'ನಂಗೆ ನೀನೊಬ್ಳೇ' ಅಂತಿದ್ರು. ಸತ್ಮೇಲೆ ನೀನು ಇನ್ನೊಂದು ಮದ್ವೆ ಮಾಡ್ಸಿದೀಯಲ್ಲ, ಊಟ ಎಲ್ಲಿ?"

ಅಳುತ್ತಿದ್ದವರೆಲ್ಲ ನಕ್ಕರು.

ಆಮೇಲೆ ಪಕ್ಕದ ಮನೆಯ ಪೊಕುವಾ ಟೀಚರ್ ಅವರನ್ನು ಕೆಲಸಕ್ಕೆ ಜೊತೆ ಮಾಡಿಕೊಂಡೆ. ನಿವೃತ್ತರು. ಮೊದಲ ವಾರ ಅವರು ತಿದ್ದಿದ್ದನ್ನೆಲ್ಲ ಕದ್ದು ಮತ್ತೆ ತಿದ್ದುತ್ತಿದ್ದೆ. ಸಿಕ್ಕಿಬಿದ್ದೆ. "ಅಡುಗೆ ನಂಗೆ ಬಿಟ್ಟು ಸೌಟು ನೀನೇ ಹಿಡ್ಕೊಂಡ್ರೆ ಹೆಂಗೆ?" ಎಂದರು. ಸೌಟು ಬಿಡುವುದಕ್ಕೆ ಒಂದು ತಿಂಗಳು ಹಿಡಿಯಿತು.

ಈಗ ಮನೆಗಳಿಗೆ ಹೋಗಿ ವಿವರ ಕೇಳುವವರು ಅವರೇ. ಯಾವ ಶಾಲೆ, ಯಾವ ಚರ್ಚು ಎಂದಷ್ಟೇ ನಾನು ಕೇಳುತ್ತಿದ್ದೆ. ಅವರು ಕೇಳುವುದೇ ಬೇರೆ. ಯಾರಿಗೂ ಕೊಡದೆ ಬಚ್ಚಿಟ್ಟು ತಿನ್ನುತ್ತಿದ್ದದ್ದೇನು? ನಗು ತಡೆಯಲಾಗದೆ ಹೋಗುತ್ತಿದ್ದದ್ದು ಯಾವುದಕ್ಕೆ? ಊರಿಗೇ ಸಿಡುಕನೆನಿಸಿಕೊಂಡ ಲಾರಿ ಮಾಲೀಕನೊಬ್ಬ ಬಚ್ಚಲಲ್ಲಿ ಹೆಂಗಸರ ದನಿಯಲ್ಲಿ ಹಾಡುತ್ತಿದ್ದನಂತೆ. ಟೀಚರ್ ಬರುವ ಹೊತ್ತಿಗೆ ಬಾಗಿಲಲ್ಲೇ ಕಾಯುತ್ತೇನೆ, ಇವತ್ತು ಏನು ತಂದರೋ ಎಂದು.

ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿನ್ನ ಉಸಿರನ್ನು ಸಲೀಸಾಗಿಡಲಿ.

ನಿನ್ನ
ದುಫಿಯೆ

ತಾ.ಕ.: ಆ ಪುಸ್ತಿಕೆ ಅಮ್ಮನದು. ಹೋಗಿ ಹನ್ನೆರಡು ದಿನವಾಯಿತು, ಅಂತ್ಯಕ್ರಿಯೆ ಈ ತಿಂಗಳ ಕೊನೆಗೆ. ಫೋನಿನಲ್ಲಿ ನಿನಗೆ ಹೇಳಲು ಬಾಯಿ ಬರಲಿಲ್ಲ. ಒಂಬತ್ತನೆಯದು ಮಗಳ ನುಡಿನಮನದ ಪುಟ. ಟೀಚರ್ ನನ್ನನ್ನೂ ಕೂರಿಸಿಕೊಂಡು ಕೇಳಿದರು, "ನಿಮ್ಮಮ್ಮಂಗೆ ಯಾವ್ದಕ್ಕೆ ನಗು ಬರ್ತಿತ್ತು?" ನನಗೆ ಗೊತ್ತಿಲ್ಲ, ಬಿರಾಗೊ. ನಾನು ಯಾವಾಗಲೂ ಯಾರದೋ ಪುಸ್ತಿಕೆಯ ಮೇಲೆ ಬಗ್ಗಿರುತ್ತಿದ್ದೆ. ನಮ್ಮ ಮನೆಯಲ್ಲಿದ್ದ ಮೂರು ವರ್ಷ ಅವಳ ಜೊತೆ ಒರಳಲ್ಲಿ ಊಟದ ಫುಫು ಕುಟ್ಟಿದವಳು ನೀನು. ನೀವಿಬ್ಬರೂ ಹಿತ್ತಲಲ್ಲಿ ನಗುವುದು ಒಳಗೆ ಕೇಳುತ್ತಿತ್ತು, ನಾನು ಎದ್ದು ಬರಲಿಲ್ಲ. ಆ ಪುಟ ನೀನು ಬರೆದು ಬಸ್ಸಿನವನ ಕೈಯಲ್ಲಿ ಕಳಿಸು. ಒಂದಕ್ಷರವನ್ನೂ ತಿದ್ದುವುದಿಲ್ಲ.