ಹಗೇವಿಗೆ ಕೊಟ್ಟ ಕೋಣೆ

ಶಕೆ ೨೩೯೧, ಎರಡನೆಯ ಆಷಾಢ, ಮೂವತ್ತೊಂದನೆಯ ತಿಥಿ

ಹಿಂದಿನ ಕಾಲದ ಹಿರಿಯರಿಗೆ ಹಗೇವಿನ ಓಣಿಯ ಸತ್ಯವ್ವನ ಶರಣು. ಇಂಥ ತಿಥಿ ಎಲ್ಲಿಯದು ಎಂದು ನಗಬೇಡಿ. ತಿಂಗಳು ಇಷ್ಟುದ್ದ ಹೇಗಾಯಿತೆಂದು ನನಗೂ ತಿಳಿಯದು. ನನ್ನ ಮಾತು ವಿಚಿತ್ರವಾಗಿ ಕೇಳಿಸೀತು, ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮಲ್ಲಿ ಜೋಳ ತುಂಬಿಡುವ ನೆಲದೊಳಗಿನ ಕುಣಿಗೆ ಹಗೇವು ಎನ್ನುತ್ತಿದ್ದರಂತೆ. ನಮ್ಮ ಹಗೇವಿನಲ್ಲಿರುವುದು ಮಾಹಿತಿ. ಯಾರು ಹುಟ್ಟಿದರು, ಯಾರಿಗೆ ಎಷ್ಟು ನೀರು, ಯಾರ ಹಲ್ಲು ಯಾವಾಗ ಬಿತ್ತು, ಎಲ್ಲವನ್ನೂ ಅದು ನುಂಗಿ ಇಟ್ಟುಕೊಳ್ಳುತ್ತದೆ. ನೀವೇ ಕಟ್ಟಿಹೋದದ್ದು, ನಿಮ್ಮ ಡೇಟಾಬೇಸ್ ಇದರ ಮುತ್ತಜ್ಜಿ. ತುಂಬಿದಾಗ ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ. ಆಗ ಯಾರಾದರೊಬ್ಬರು ಮನೆಯ ಕೋಣೆಯನ್ನು ಬಿಟ್ಟುಕೊಡಬೇಕು. ಹಗೇವನ್ನು ಒಮ್ಮೆ ನಿಲ್ಲಿಸಿ, ಆ ಕೋಣೆಯಲ್ಲಿ ನೆನಪಿನ ಪೆಟ್ಟಿಗೆಗಳನ್ನು ಜೋಡಿಸಿ, ತಂತಿ ಎಳೆದು ಮತ್ತೆ ಎಬ್ಬಿಸುತ್ತೇವೆ. ದೀಪ ಆರುತ್ತದೆ. ಹೊಸ್ತಿಲಿಗೆ ಅರಿಶಿನ ಹಚ್ಚಿ ಬಾಗಿಲು ಮುಚ್ಚುತ್ತೇವೆ. ಆಮೇಲೆ ಒಳಗೆ ಇಣುಕುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಕೊಟ್ಟ ಕೋಣೆ ಮನೆಗೆ ಹೊರಗು. ನನ್ನಜ್ಜಿ ತನ್ನ ಕೋಣೆಯನ್ನು ಕೊಟ್ಟು, ಸಾಯುವವರೆಗೆ ಅಡುಗೆಮನೆಯಲ್ಲಿ ಮಲಗಿದಳು.

ಈಗ ಮತ್ತೆ ಕೆಂಪು ದೀಪ. ಈ ಸಲ ಊರ ಹಿರಿಯರು ಕೇಳಿದ್ದು ನನ್ನ ತಂಗಿ ಕಾಶವ್ವನ ಕೋಣೆ, ಅವಳೋ ದಿನ ತುಂಬಿದ ಬಸುರಿ. ಕೊಡದಿದ್ದರೆ ಹುಟ್ಟುವ ಕೂಸಿನ ಹೆಸರು ಹಗೇವಿಗೆ ಏರುವುದಿಲ್ಲ. ಹೆಸರಿಲ್ಲದ ಕೂಸಿಗೆ ನೀರಿನ ಪಾಲಿಲ್ಲ. ಕೊಟ್ಟರೆ ಹೆರುವುದೆಲ್ಲಿ? "ಎಷ್ಟ್ ಕೊಟ್ರೂ ಇದರ ಹೊಟ್ಟಿ ತುಂಬವಲ್ದಲ್ಲ ಯಕ್ಕಾ" ಎಂದು ಅವಳು ಅತ್ತಾಗ ನನಗೆ ಸಿಟ್ಟು ನೆತ್ತಿಗೇರಿತು. ಹೋಗಿ ಅಜ್ಜಿಯ ಕೋಣೆಯ ಬಾಗಿಲನ್ನು ಒದ್ದು ತೆಗೆದೆ.

ಪೆಟ್ಟಿಗೆಗಳು ಇಟ್ಟ ಹಾಗೇ ಇದ್ದವು. ತುಂಬಿದ ಪೆಟ್ಟಿಗೆ ಬೆಚ್ಚಗಿರುತ್ತದೆ, ಇವು ತಣ್ಣಗಿದ್ದವು. ಹಗೇವು ನೋಡಿಕೊಳ್ಳುವ ರಾಜೇಸಾಬನನ್ನು ಎಳೆದು ತಂದೆ. ಅವನು ಒಂದೊಂದನ್ನೂ ತೆರೆದು ನೋಡಿ ಗೋಡೆಗೆ ಒರಗಿ ಕುಳಿತುಬಿಟ್ಟ. "ಇದರಾಗ ಒಂದು ಕಾಳೂ ಬಿದ್ದಿಲ್ಲ ಸತ್ಯವ್ವಾ. ತಂತಿ ಐತಿ, ಕರೆಂಟ್ ಐತಿ. ಆದ್ರ ಈ ಕೋಣಿ ತನಗ ಕೊಟ್ಟಾರ ಅನ್ನೂದು ಹಗೇವಿಗೇ ಗೊತ್ತಿಲ್ಲ." ಹಗ್ಗ ಉದ್ದ ಮಾಡಿದರೂ ಎತ್ತು ಹಳೆಯ ಸುತ್ತಿನಲ್ಲೇ ಮೇಯುತ್ತಿತ್ತು. ಹಾಗಾದರೆ ದೀಪ ಆರುತ್ತಿದ್ದದ್ದು ಯಾಕೆ? ನಿಲ್ಲಿಸಿ ಎಬ್ಬಿಸಿದಾಗ ಅದರ ಕಸಕಡ್ಡಿ ಒಂದಿಷ್ಟು ಹೋಗಿ ತುಸು ಜಾಗ ಆಗುತ್ತಿತ್ತಂತೆ, ಅಷ್ಟೇ. ಈ ಸಲ ಅದನ್ನೂ ಮಾಡಿ ನೋಡಿದೆವು, ಆರಲಿಲ್ಲ. ಓಣಿಯಲ್ಲಿ ಕೊಟ್ಟ ಕೋಣೆಗಳನ್ನೆಲ್ಲ ತೆರೆಸಿದೆ. ಎಲ್ಲವೂ ಖಾಲಿ. ಅಜ್ಜಿ ಒಲೆಯ ಹೊಗೆ ಕುಡಿಯುತ್ತಾ ಮಲಗಿದ್ದು ಯಾವ ಪುರುಷಾರ್ಥಕ್ಕೆ?

ತಂತಿ ಎಳೆದ ಮೇಲೆ 'ನಿನ್ನ ಎಲ್ಲೆ ದೊಡ್ಡದಾಯಿತು' ಎಂದು ಹಗೇವಿಗೆ ತಿಳಿಸುವ ಒಂದು ಆಜ್ಞೆ ಇರಲೇಬೇಕು ಎನ್ನುತ್ತಾನೆ ರಾಜೇಸಾಬ. ಕಟ್ಟಿದವರು ನೀವು, ನಿಮಗೆ ಗೊತ್ತಿರುತ್ತದೆ. ನಡುವೆ ಯಾರು ಕಲಿಸಲು ಮರೆತರೋ, ಯಾರು ಕಲಿಯಲು ಮರೆತರೋ. ದಯವಿಟ್ಟು ಅದನ್ನು ಬಾವಿಕಟ್ಟೆಯ ಕರಿಕಲ್ಲಿನ ಮೇಲೆ ಕೊರೆದಿಡಿ. ಆ ಕಲ್ಲು ನಿಮಗಿಂತಲೂ ಹಳೆಯದು, ಹುಡುಕಬೇಕಿಲ್ಲ.

ಕಾಶವ್ವ ನಿನ್ನೆ ಅಜ್ಜಿಯ ಕೋಣೆಯಲ್ಲೇ ಹೆತ್ತಳು. ಹೆಣ್ಣು ಕೂಸು. ನಮ್ಮಿಬ್ಬರ ಪಾಲಿನ ನೀರಿನಲ್ಲೇ ಮೂವರೂ ನಡೆಸುತ್ತಿದ್ದೇವೆ, ಹೆಚ್ಚು ದಿನ ನಡೆಯುವ ಮಾತಲ್ಲ. ಆದರೆ ಒಂದು ಸಂಗತಿ ಎಷ್ಟು ಯೋಚಿಸಿದರೂ ನನ್ನ ತಲೆಗೆ ಹೋಗುತ್ತಿಲ್ಲ. ನೀವು ಕೊರೆದಿದ್ದರೆ, ನಾನು ಈ ಕಾಗದ ಬರೆಯುವ ಮೊದಲೇ ಅದು ಕಲ್ಲಿನ ಮೇಲೆ ಇರಬೇಕಿತ್ತಲ್ಲವೇ? ಇವತ್ತು ಬೆಳಿಗ್ಗೆಯೂ ಹೋಗಿ ಕೈಯಾಡಿಸಿ ನೋಡಿದೆ. ಕಲ್ಲು ನುಣ್ಣಗಿದೆ. ಕಾಗದ ನಿಮಗೆ ಮುಟ್ಟಲೇ ಇಲ್ಲವೋ, ಮುಟ್ಟಿಯೂ ನಾಳೆ ನೋಡೋಣ ಎಂದಿರೋ?