ಹೊಟ್ಟೆಗೆ ಹಾಕಿಕೋ ಎಂದೆ

ಬೀದರ ಸೀಮೆ,
೩೦ ಫೆಬ್ರವರಿ ೨೧೯೧

ಹಿಂದಿನ ಕಾಲದ ಸಂಡೆ ಸ್ಕೂಲ್ ಟೀಚರುಗಳೇ,

ತಾರೀಖು ತಪ್ಪಲ್ಲ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ಇದು ಹಿಂದೋಲೆ, ಅಂದರೆ ನಮಗಿಂತ ಮೊದಲು ಬದುಕಿದವರಿಗೆ ಬರೆಯುವ ಕಾಗದ. ಮಾತು ಎಲ್ಲಾದರೂ ವಿಚಿತ್ರ ಅನಿಸಿದರೆ ಮನ್ನಿಸಿ. ಮನ್ನಿಸಿ ಎಂದು ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡಿ, ನನ್ನ ರೋಗವೇ ಅದು.

ನಾನು ದೀನಮ್ಮ. ಚರ್ಚಿನಲ್ಲಿ ಐದಾರು ವರ್ಷದ ಮಕ್ಕಳಿಗೆ ಪಾಠ ಹೇಳುತ್ತೇನೆ. ಚರ್ಚಿನ ಅಂಗಳದಲ್ಲೊಂದು ಗಾಳಿಬಾವಿ ಇದೆ. ಒದ್ದೆ ಬಟ್ಟೆ ಹಿಂಡಿದಂತೆ ಗಾಳಿಯನ್ನು ಹಿಂಡಿ ನೀರು ತೆಗೆಯುವ ಯಂತ್ರ. ಗಾಳಿ ಹಿಂಡಲು ಕಲಿತವರಿಗೆ ಮನಸ್ಸಿನ ಜಾತಿ ತೊಳೆಯಲು ಬರಲಿಲ್ಲ. ಶಿಲುಬೆಯ ನೆರಳಲ್ಲೇ ನೀರು ಹಿಡಿಯಲು ಮೇಲಿನ ಓಣಿಯವರದು ಮುಂದಿನ ಸಾಲು, ಕೆಳಗಿನ ಓಣಿಯವರದು ಹಿಂದಿನ ಸಾಲು.

ಒಂದು ಭಾನುವಾರ ಕೆಳಗಿನ ಓಣಿಯ ತಬಿತಾ, ಆರು ವರ್ಷದವಳು, ಮುಂದಿನ ಸಾಲಿನಲ್ಲಿ ನಿಂತುಬಿಟ್ಟಳು. ಸಭೆಯ ಹಿರಿಯರ ಮೊಮ್ಮಗಳು ಪ್ರಿಸ್ಕಿಲ್ಲ ಅವಳ ಚೊಂಬು ಒದ್ದಳು. "ಹಿಂದ ನಡೀಲೇ! ನೀ ಮುಟ್ಟಿದ್ರ ಗಾಳೀನೂ ಹೊಲಸಾಗ್ತದ!"

ತಬಿತಾ ಅಳುತ್ತ ನನ್ನ ಬಳಿ ಬಂದಳು. ಹಿರಿಯರು ಅಲ್ಲೇ ನಿಂತಿದ್ದರು. ನನಗೆ ಅವರ ಭಯ. ಆ ಭಯಕ್ಕೆ ಯೇಸುವಿನ ಹೆಸರಿಟ್ಟೆ. "ಹೊಟ್ಟ್ಯಾಗ ಹಾಕೊ ನನ ಬಂಗಾರ. ಯೇಸಪ್ಪ ಎಲ್ಲಾರ್ನೂ ಕ್ಷಮಿಸ್ಯಾನ" ಅಂದೆ.

ದೊಡ್ಡವರ ಬಾಯಲ್ಲಿ ಅದು ಕ್ಷಮಿಸು ಎಂಬ ಮಾತು. ಮಗುವಿಗೆ ಹೊಟ್ಟೆ ಅಂದರೆ ಹೊಟ್ಟೆಯೇ. ನಾಲ್ಕನೇ ವಾರ ಅವಳವ್ವ ಸುಗಂಧಾ ಅವಳನ್ನು ಎತ್ತಿಕೊಂಡು ಬಂದಳು.

"ಏನ್ ಕಲಿಸೀರಿ ಟೀಚರಮ್ಮ ಇದಕ? ತುತ್ತೂ ಮುಟ್ಟವಲ್ದು."

"ಜಾಗಾ ಇಲ್ರಿ ಟೀಚರ್" ಅಂತು ಮಗು. "ಪ್ರಿಸ್ಕಿಲ್ಲ ದಿನಾ ಬೈತಾಳ. ಅದೇ ತುಂಬ್ಯಾದ."

ಅವಳ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

ಥೂ ನನ್ನ ಪಾಠಕ್ಕೆ! ಶಿಲುಬೆಯ ಮೇಲಿಂದ ಕ್ಷಮಿಸಿದವನೇ ದೇವಾಲಯದಲ್ಲಿ ಚಾಟಿ ಹಿಡಿದು ವ್ಯಾಪಾರಿಗಳ ಮೇಜು ಉರುಳಿಸಿದ್ದ. ಅದನ್ನು ನಾನು ಕಲಿಸಲೇ ಇಲ್ಲ. ತನ್ನನ್ನು ಅರಿಯೆ ಎಂದ ಶಿಷ್ಯ ಪೇತ್ರನನ್ನೂ ಅವನು ಸುಮ್ಮನೆ ಬಿಡಲಿಲ್ಲ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದ. ಒದ್ದವಳನ್ನು ನಾನು ಒಂದು ಸಲವೂ ಕೇಳಲಿಲ್ಲ. ಒದೆಸಿಕೊಂಡವಳಿಗೆ ಉಪದೇಶ ಮಾಡಿದೆ. ಬಡವರ ಮಕ್ಕಳಿಗೆ ನಾವು ಕಲಿಸುವ ಕ್ಷಮೆ ಬಹಳ ಸಲ ಇಷ್ಟೇ: ಬಾಯಿ ಮುಚ್ಚು.

ಮುಂದಿನ ಆರಾಧನೆಯಲ್ಲಿ, ಹಿರಿಯರ ಎದುರೇ, ನಡೆದದ್ದನ್ನೆಲ್ಲ ಹೇಳಿದೆ. ಪ್ರಿಸ್ಕಿಲ್ಲ ತಲೆ ತಗ್ಗಿಸಿ ಅಳತೊಡಗಿದಳು, ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಅಜ್ಜ ಅವಳನ್ನು ಎಳೆದುಕೊಂಡು ಹೊರನಡೆದ. ನಾನು ತಬಿತಾಳ ಮುಂದೆ ಮೊಣಕಾಲೂರಿದೆ.

"ತಪ್ಪು ನಂದವ್ವಾ. ನನ್ನ ಕ್ಷಮಿಸ್ತಿ?"



"ಇವತ್ತ ಆಗಂಗಿಲ್ರಿ."

ಹಾಗೆಂದವಳೇ ಅವ್ವನ ಕಡೆ ತಿರುಗಿ ಗಂಜಿ ಕೇಳಿದಳು. ಕುಡಿದದ್ದು ಎರಡೇ ಗುಟುಕು.

ಕೇಳಿಕೊಳ್ಳುವುದು ಒಂದೇ. ನಿಮ್ಮೆದುರು ಯಾವುದಾದರೂ ಮಗು ಇವತ್ತು ಆಗುವುದಿಲ್ಲ ಅಂದರೆ, ಅದರ ಬಾಯಿಗೆ ದೇವರನ್ನು ಅಡ್ಡ ಹಿಡಿಯಬೇಡಿ. ಕಾಯಿರಿ. ಹನ್ನೊಂದು ಭಾನುವಾರ ಕಳೆದವು. ನಾನಿನ್ನೂ ಕಾಯುತ್ತಿದ್ದೇನೆ.

ದೀನಮ್ಮ