ದೊಡ್ಡದಾದ ಬೀದಿದೀಪ

ಚಳ್ಳಕೆರೆ,
2208ನೇ ಇಸವಿ, ಮಾರ್ಚ್ 32

ಸುಮಾರು ಇನ್ನೂರು ವರ್ಷ ಹಿಂದೆ ಕೂತು ರಾಜ್ಯದ ವಿದ್ಯುತ್ ಬಳಕೆಯ ಕೋಷ್ಟಕ ಬರೆಯುತ್ತಿರುವ ಅಕ್ಕನವರಿಗೋ ಅಣ್ಣನವರಿಗೋ, ಓಬಳೇಶನ ನಮಸ್ಕಾರಗಳು.

ತಾರೀಖು ತಪ್ಪಿಲ್ಲ. ವರ್ಷದ ಕೋಷ್ಟಕ ಮುಗಿಸಲು ಮಾರ್ಚ್ ಮೂವತ್ತೊಂದು ಯಾವ ಕಚೇರಿಗೂ ಸಾಕಾದದ್ದಿಲ್ಲ. ಏಪ್ರಿಲ್ಲಿನಲ್ಲಿ ಮುಗಿಸಿ ಮಾರ್ಚ್ ಎಂದು ಬರೆಯುವ ನಮ್ಮ ಸುಳ್ಳು ತಾರೀಖುಗಳನ್ನು ನೋಡಿ ಬೇಸತ್ತ ಸರ್ಕಾರ ಕೊನೆಗೆ ಇನ್ನೊಂದು ದಿನವನ್ನೇ ಕೊಟ್ಟುಬಿಟ್ಟಿತು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ‘ಲೋಡ್ ಶೆಡ್ಡಿಂಗ್’ ಅರ್ಥವಾಗಲು ನನಗೂ ಒಂದು ವಾರ ಹಿಡಿಯಿತು.

ನಾನು ಮಾಡುವುದೂ ನಿಮ್ಮ ಕೆಲಸವನ್ನೇ. ಯಾವ ವಲಯಕ್ಕೆ ಎಷ್ಟು ಕರೆಂಟು ಹೋಯಿತು ಎಂದು ವರ್ಷವರ್ಷವೂ ಬರೆಯುತ್ತೇನೆ. ನಿಮ್ಮ ಕಾಲದ ಪುಟ ನನ್ನೆದುರು ತೆರೆದೇ ಇದೆ. ಅದರಲ್ಲಿ ಪಂಪ್‌ಸೆಟ್ಟಿನ ಸಾಲೇ ಎಲ್ಲಕ್ಕಿಂತ ದಪ್ಪ. ಮೀಟರಿಲ್ಲದ್ದನ್ನೂ ಅಂದಾಜಿನಲ್ಲಿ ತುಂಬಿದ ನಿಮ್ಮ ಧೈರ್ಯಕ್ಕೆ ಕೈಮುಗಿಯಬೇಕು! ಈಗ ಆ ಸಾಲು ಬರಿದಾಗಿದೆ, ಹೊಲದ ನೀರನ್ನು ಹೊಲದ ಬಿಸಿಲೇ ಎತ್ತುತ್ತದೆ. ಮನೆಗಳ ಸಾಲೂ ಸಣ್ಣದಾಯಿತು. ಪ್ರತಿ ಮನೆಯ ಗೋಡೆಗೂ ‘ಬಿಸಿಲುಗಾರೆ’ ಬಳಿದಿರುತ್ತೇವೆ, ಗೋಡೆ ಹಗಲೆಲ್ಲ ಬಿಸಿಲು ಕುಡಿದು ಸಂಜೆ ಅಡುಗೆಗೆ ಕೊಡುತ್ತದೆ. ಬೆಳೆದಿರುವುದು ‘ತಂಪು’ ಮತ್ತು ‘ಯೋಚನೆ’ ಎಂಬ ಎರಡು ಸಾಲುಗಳು ಮಾತ್ರ. ಒಂದು ಊರುಗಳನ್ನು ತಣ್ಣಗಿಡಲು, ಇನ್ನೊಂದು ನಮ್ಮ ಬದಲು ಯೋಚಿಸುವ ಯಂತ್ರಗಳಿಗೆ. ಎಲ್ಲ ಸುಖವಾಗಿದೆ. ಆದರೂ ನಿಮ್ಮಲ್ಲಿ ಹೋದ ಕರೆಂಟು ಮರಳಿ ಬಂದಾಗ ಇಡೀ ಕೇರಿಯ ಮಕ್ಕಳು ‘ಹೋ’ ಎಂದು ಕೂಗುತ್ತಿದ್ದರಂತಲ್ಲ, ಆ ಕೂಗನ್ನು ನಾನು ಒಮ್ಮೆಯೂ ಕೇಳಿಲ್ಲ. ನಮ್ಮಲ್ಲಿ ಕರೆಂಟು ಹೋಗುವುದೇ ಇಲ್ಲ, ಇನ್ನು ಬರುವುದೆಲ್ಲಿಂದ?

ಈ ಪತ್ರ ಬರೆಯಲು ಕಾರಣ ಬೀದಿದೀಪದ ಸಾಲು. ನಮ್ಮ ರಸ್ತೆಗಳು ತಾವೇ ಮಂದವಾಗಿ ಹೊಳೆಯುತ್ತವೆ, ಕಂಬ ಬೇಕಿಲ್ಲ. ರಾಜ್ಯದಲ್ಲಿ ಉಳಿದದ್ದು ಒಂದೇ ಕಂಬ, ಚಳ್ಳಕೆರೆಯ ಹಳೇ ಎಣ್ಣೆಮಿಲ್ಲಿನ ಬೀದಿಯಲ್ಲಿ, ಪಾಲಜ್ಜಿಯ ಮನೆಯ ಮುಂದೆ. ಅಜ್ಜಿಗೆ ತೊಂಬತ್ತೊಂದು. ಅವಳ ಚಿಕ್ಕಂದಿನಲ್ಲಿ ಸಂಜೆಯಾದರೆ ಬೀದಿಯ ಹೆಂಗಸರೆಲ್ಲ ಆ ಬೆಳಕಿಗೆ ಮೊರ ತಂದು ಕೂತು ಬಿತ್ತನೆಯ ಶೇಂಗಾ ಬಿಡಿಸುತ್ತಿದ್ದರಂತೆ. ಸಿಪ್ಪೆಗಿಂತ ಮಾತೇ ಹೆಚ್ಚು ರಾಶಿ ಬೀಳುತ್ತಿತ್ತು ಎನ್ನುತ್ತಾಳೆ. ಈಗ ಒಬ್ಬಳೇ ಕೂರುತ್ತಾಳೆ.

ಒಂದು ದೀಪಕ್ಕಾಗಿ ಬೇರೆ ತಂತಿ ಕಾಯುವುದು ಕಷ್ಟ, ಈ ಮಾರ್ಚಿನೊಳಗೆ ದೀಪ ಆರಿಸಿ ಸಾಲು ಮುಚ್ಚಬೇಕೆಂದು ಮೂರು ವರ್ಷದ ಹಿಂದೆಯೇ ಮೇಲಿನಿಂದ ಆದೇಶ ಬಂತು. ಆದರೆ ಕಂಬದ ಕೆಳಗೆ ಬದುಕುವವರು ‘ದನಿಯೊಪ್ಪಿಗೆ’ ಕೊಡಬೇಕು, ಅಂದರೆ ಕಂಬಕ್ಕೆ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ನಮ್ಮ ಕಂಬಕ್ಕೂ ಕಿವಿಯಿದೆ, ಹೇಳಿದ್ದನ್ನು ಅದೇ ನಡೆಸುತ್ತದೆ. ಅಂದಿನಿಂದ ಅಜ್ಜಿಯ ಬಾಗಿಲಿಗೆ ತಿರುಗಿದೆ. ಮೊನ್ನೆ ಮುಸ್ಸಂಜೆ ಅವಳಿಗೇ ನನ್ನ ಮೇಲೆ ಕರುಣೆ ಬಂತು.

“ನೀನೂ ಎಷ್ಟು ಸಲ ಅಂತ ತಿರುಗ್ತೀಯಪ್ಪಾ, ಚಪ್ಲಿ ಸವೀತು,” ಎಂದು ಕಂಬದ ಕಡೆ ಮುಖ ಎತ್ತಿದಳು. “ಆತು, ದೀಪ ದೊಡ್ಡದು ಮಾಡಪ್ಪಾ.”

ನಿಮ್ಮ ಮನೆಯ ಹಿರಿಯರೂ ಹಾಗೇ ಅನ್ನುತ್ತಿದ್ದಿರಬೇಕು. ದೀಪಕ್ಕೆ ‘ಆರು’ ಎನ್ನಬಾರದು, ಅಪಶಕುನ. ಅದಕ್ಕೇ ಆರಿಸುವುದನ್ನು ‘ದೊಡ್ಡದು ಮಾಡುವುದು’ ಎನ್ನುತ್ತಾರೆ. ಜಗತ್ತಿನ ವಿದ್ಯೆಯೆಲ್ಲ ಬಲ್ಲ ಕಂಬಕ್ಕೆ ಅದೊಂದು ಗೊತ್ತಿರಲಿಲ್ಲ. ದೀಪ ನಿಜಕ್ಕೂ ದೊಡ್ಡದಾಯಿತು. ಬೀದಿಯ ಈ ತುದಿಯಿಂದ ಆ ತುದಿಗೆ ಹಗಲಿನಂಥ ಬೆಳಕು! ಏನಾಯಿತೋ ಎಂದು ಜನ ಹೊರಗೆ ಬಂದರು. ಬಂದವರು ಒಳಗೆ ಹೋಗಲಿಲ್ಲ, ಅಜ್ಜಿಯ ಜಗಲಿಯಲ್ಲೇ ಕೂತರು.

“ಅಜ್ಜೀ, ಅದು ತಪ್ಪು ತಿಳ್ಕಂಡೈತೆ,” ಎಂದೆ.

“ತಪ್ಪೇನೈತೋ, ಹೇಳಿದಂಗೆ ಮಾಡೈತೆ. ಕುಂತ್ಕ, ನೀನೂ ಒಂದು ಹಿಡಿ ಬಿಡಿಸು,” ಎಂದು ಮೊರ ಮುಂದೆ ತಳ್ಳಿದಳು. ಅವಳು ಬೇಕೆಂದೇ ಹಾಗೆ ಹೇಳಿದಳೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ತಿದ್ದುವುದು ಸುಲಭವಿತ್ತು. ಅಜ್ಜಿಯ ಒಪ್ಪಿಗೆ ಹೇಗೂ ಸಿಕ್ಕಿತ್ತು, ಇನ್ನು ನಾನೇ ಕಂಬದ ಕೆಳಗೆ ನಿಂತು ‘ಆರಿಸು’ ಎಂದರೆ ಮುಗಿಯಿತು. ಬಾಯಿ ತೆರೆದೆ. ದೀಪ ಹಚ್ಚುವ ಹೊತ್ತು, ಎದುರಿಗೆ ಶೇಂಗಾ ಬಿಡಿಸುತ್ತಿರುವ ತೊಂಬತ್ತೊಂದರ ಮುದುಕಿ. ಆ ಮಾತು ಅಲ್ಲಿ ಆಡುವಂಥದ್ದಲ್ಲ. ಮೊರದ ಮುಂದೆ ಕೂತುಬಿಟ್ಟೆ. ಇವತ್ತು ಕೋಷ್ಟಕಕ್ಕೆ ಸಹಿ ಹಾಕಿದ್ದೇನೆ. ಬೀದಿದೀಪದ ಸಾಲಿನಲ್ಲಿ ಸೊನ್ನೆಯಿಲ್ಲ, ಹೋದ ವರ್ಷಕ್ಕಿಂತ ಒಂದಿಷ್ಟು ಹೆಚ್ಚೇ ಇದೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಬೀದಿದೀಪದ್ದು ಪುಟ್ಟ ಅಂಕಿ, ‘ಇತರೆ’ಯೊಳಗೆ ಸೇರಿಸಿಬಿಡಿ ಎಂದು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಸೇರಿಸಬೇಡಿ. ಅದಕ್ಕೊಂದು ಸ್ವಂತ ಸಾಲು ಇರಲಿ. ಆ ಸಾಲು ನನ್ನ ತನಕ ಬರದೇ ಹೋಗಿದ್ದರೆ ಪಾಲಜ್ಜಿಯನ್ನು ಕೇಳುವವರೇ ಇರುತ್ತಿರಲಿಲ್ಲ, ತಂತಿ ಸುಮ್ಮನೆ ಕಡಿದುಹೋಗುತ್ತಿತ್ತು.

ಸಂಜೆಯಾಯಿತು, ಅಜ್ಜಿಯ ಮೊರದಲ್ಲಿ ಇನ್ನೂ ಶೇಂಗಾ ಇದೆ, ಹೋಗಬೇಕು. ಪತ್ರ ಮುಗಿಸುತ್ತೇನೆ ಎನ್ನಲು ಮನಸ್ಸಾಗುತ್ತಿಲ್ಲ.

ದೊಡ್ಡದು ಮಾಡುತ್ತಿದ್ದೇನೆ.

ನಿಮ್ಮವ,
ಓಬಳೇಶ